ಸ್ಪ್ಯಾನಿಷ್ ಕಲಿಯೋಕೆ ಬೆಂಗಳೂರೋ, ಸಾನ್ ಹೊಸೆಯೋ, ಆಂಟಿಗುವಾವೋ?

ನಮ್ಮ ಚರ್ಚಿನಿಂದ ಲ್ಯಾಟಿನ್ ಅಮೆರಿಕಕ್ಕೆ ಸೇವೆಗೆ ಹೊರಡುವವರು ಅಪರೂಪ. ನಾವು ಹೋಗಿಬಂದ ಮೇಲೆ ಒಂದೆರಡು ಕುಟುಂಬದವರು ಮನಸ್ಸು ಮಾಡಿದ್ದಾರೆ. ಭಾನುವಾರ ಆರಾಧನೆ ಮುಗಿಸಿ ಹೊರಗೆ ಬಂದರೆ ಸಾಕು, ಅದೇ ಪ್ರಶ್ನೆ: "ಅಕ್ಕಾ, ಭಾಷೆ ಇಲ್ಲೇ ಕಲಿತು ಹೋಗೋದಾ, ಅಲ್ಲಿಗೆ ಹೋಗಿ ಕಲಿಯೋದಾ?" ನಾನೂ ನಮ್ಮ ಯಜಮಾನರೂ ಮೂರು ದಾರಿ ನೋಡಿದ್ದೇವೆ. ಬೆಂಗಳೂರಿನ ಶನಿವಾರ-ಭಾನುವಾರದ ಕ್ಲಾಸು, ಕೋಸ್ಟರಿಕಾದ ರಾಜಧಾನಿ ಸಾನ್ ಹೊಸೆಯಲ್ಲಿ ಮಿಷನರಿಗಳಿಗೆಂದೇ ಇರುವ ಒಂದು ಭಾಷಾ ಶಾಲೆ, ಆಮೇಲೆ ಗ್ವಾಟೆಮಾಲಾದ ಆಂಟಿಗುವಾದಲ್ಲಿ ಒಂದು ಮನೆಯವರ ಜೊತೆ ವಾಸ. ಫೀಸು, ಪುಸ್ತಕ, ಟೀಚರು ಎಲ್ಲ ಆಮೇಲಿನ ಮಾತು. ಕ್ಲಾಸು ಮುಗಿದ ಮೇಲೆ ರಾತ್ರಿ ಮಲಗುವವರೆಗೆ ಯಾರ ಹತ್ತಿರ ಯಾವ ಭಾಷೆಯಲ್ಲಿ ಮಾತಾಡ್ತೀರಿ ಅನ್ನೋದನ್ನು ಮೊದಲು ನೋಡಿ.

ಬೆಂಗಳೂರಿನ ಕ್ಲಾಸಿನ ವಿಷಯ ಬೇಗ ಮುಗಿಯುತ್ತೆ. ನಮ್ಮ ಬ್ಯಾಚಿನ ತುಂಬ ಐಟಿ ಹುಡುಗ ಹುಡುಗಿಯರು. ಕಲಿಸಿದ್ದು ಸ್ಪೇನ್ ದೇಶದ ಸ್ಪ್ಯಾನಿಷ್. ಅಲ್ಲಿನವರು 'ಗ್ರಾಥಿಯಾಸ್' ಅಂತಾರೆ, ಲ್ಯಾಟಿನ್ ಅಮೆರಿಕದವರು 'ಗ್ರಾಸಿಯಾಸ್' ಅಂತಾರೆ. ಸ್ನೇಹಿತರ ಗುಂಪನ್ನು 'ನೀವೆಲ್ಲ' ಅಂತ ಕರೆಯೋಕೆ ಇಲ್ಲಿ ಕಲಿತ ಕ್ರಿಯಾರೂಪವನ್ನು ಅಟ್ಲಾಂಟಿಕ್ ಆಚೆ ಮನೆಯಲ್ಲಿ ಬೀದಿಯಲ್ಲಿ ಯಾರೂ ಬಳಸಲ್ಲ. ಆದರೂ ಅದು ಪೂರ್ತಿ ದಂಡ ಅಲ್ಲ. ಅಲ್ಲಿ ಪ್ರಾಟೆಸ್ಟಂಟರ ಕೈಯಲ್ಲಿರುವ ರೇನಾ-ವಲೇರಾ ಬೈಬಲ್ 1569ರ ಅನುವಾದದಿಂದ ಬಂದದ್ದು. 1960ರ ಪರಿಷ್ಕರಣೆಯಲ್ಲೂ 'ನೀವೆಲ್ಲ' ಅನ್ನೋಕೆ ಆ ಹಳೆಯ ರೂಪಗಳೇ ಉಳಿದಿವೆ. ಪುಲ್ಪಿಟ್ಟಿನಲ್ಲಿ ವಾಕ್ಯ ಓದುವಾಗ ಇಲ್ಲಿ ಕಲಿತದ್ದು ಕೈ ಹಿಡಿಯಿತು, ತರಕಾರಿ ಅಂಗಡಿಯಲ್ಲಿ ಹಿಡಿಯಲಿಲ್ಲ.

ಕನ್ನಡದವರಿಗೆ ಈ ಭಾಷೆಯಲ್ಲಿ ಒಂದೆರಡು ಅನುಕೂಲ ಇದೆ, ಇಂಗ್ಲಿಷಿನಲ್ಲಿ ಕಲಿಸುವ ಕ್ಲಾಸಿನಲ್ಲಿ ಅದನ್ನು ಯಾರೂ ಹೇಳಲ್ಲ. 'ಬಂದೆ' ಅಂದರೆ ನಾನು, 'ಬಂದರು' ಅಂದರೆ ಅವರು ಅಂತ ನಮಗೆ ಕ್ರಿಯಾಪದದ ಕೊನೆಯಲ್ಲೇ ಗೊತ್ತಾಗುತ್ತಲ್ಲ, ಸ್ಪ್ಯಾನಿಷಿನದೂ ಅದೇ ಜಾಡು. ಅವರ ತ ನಮ್ಮ ತ ಥರವೇ ಹಲ್ಲಿಗೆ ತಾಗುತ್ತೆ, ಟ ಅಲ್ಲ. ರ ಅಂತೂ ಅಮೆರಿಕದವರು ವರ್ಷಗಟ್ಟಲೆ ಒದ್ದಾಡುವ ಅಕ್ಷರ, ನಮಗೆ ಸಲೀಸು. ಭಾಷೆ ಕಲಿಸುವ ಡುವೋಲಿಂಗೋ ಆ್ಯಪ್ ಕೂಡ ಮೊಬೈಲಿನಲ್ಲಿತ್ತು. ಪದ ಕೂಡಿಸೋಕೆ ಪರವಾಗಿಲ್ಲ, ಆದರೆ ಅದರಲ್ಲಿರುವವರು ಮಾತಾಡುವ ನಿಧಾನಕ್ಕೆ ಯಾವ ಬಸ್ ಕಂಡಕ್ಟರೂ ಮಾತಾಡಲ್ಲ. ಮೂರು ತಿಂಗಳಲ್ಲಿ ಹೊಸ ಭಾಷೆ ಅನ್ನುವ ಜಾಹೀರಾತು ಕಂಡಾಗೆಲ್ಲ ನನಗೆ ಕಿಟೆಲ್ ನೆನಪಾಗ್ತಾರೆ: ಬಂದದ್ದು 1853ರಲ್ಲಿ, ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ.

ಸಾನ್ ಹೊಸೆಗೆ ಬಂದರೆ ಮೊದಲ ಸಮಾಧಾನ ಹವೆ. ಸುಮಾರು 1,150 ಮೀಟರ್ ಎತ್ತರದ ಊರು. ಫ್ಯಾನ್ ಬೇಡ, ಸ್ವೆಟರೂ ಅಷ್ಟಾಗಿ ಬೇಡ. ಮೇ ತಿಂಗಳಿಂದ ನವೆಂಬರ್‌ವರೆಗೆ ಮಧ್ಯಾಹ್ನ ಆಯ್ತೆಂದರೆ ಮಳೆ. ವಿಳಾಸದ ಪದ್ಧತಿಯೂ ನಮ್ಮವರಿಗೆ ಒಗ್ಗುವಂಥದ್ದೇ. ರಸ್ತೆ ಹೆಸರನ್ನು ಜನ ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ. 'ಚರ್ಚಿನಿಂದ ದಕ್ಷಿಣಕ್ಕೆ 200 ಮೀಟರ್, ಆಮೇಲೆ ಪಶ್ಚಿಮಕ್ಕೆ 50' ಅಂತ ಬರೆದುಕೊಡ್ತಾರೆ. ನೂರು ಮೀಟರ್ ಅಂದರೆ ಒಂದು ಬ್ಲಾಕು, ಟೇಪ್ ಹಿಡಿದು ಅಳೆಯಬೇಡಿ. ಯಾವಾಗಲೋ ಕಡಿದುಹೋದ ಮರವನ್ನು ಗುರುತಾಗಿ ಹೇಳುವವರೂ ಇದ್ದಾರೆ. ಗಣೇಶನ ದೇವಸ್ಥಾನದ ಹಿಂದೆ, ಹಾಲಿನ ಬೂತಿನ ಎದುರು ಅಂತ ಹೇಳಿ ಬೆಳೆದ ನಮಗೆ ಅದೇನು ಕಷ್ಟ? ಜೊತೆಗಿದ್ದ ಅಮೆರಿಕದ ದಂಪತಿಗೆ ಮಾತ್ರ ದಿನಾ ತಲೆಬಿಸಿ.

ಶಾಲೆಯ ಪಾಠ ಅಚ್ಚುಕಟ್ಟು. ವ್ಯಾಕರಣ, ಉಚ್ಚಾರಣೆ, ಸ್ಪ್ಯಾನಿಷಿನಲ್ಲಿ ಪ್ರಾರ್ಥನೆ ಮಾಡೋದು, ಸಾಕ್ಷಿ ಹೇಳೋದು, ಎಲ್ಲಕ್ಕೂ ಬೇರೆ ಬೇರೆ ತರಗತಿ. ಮಕ್ಕಳಿದ್ದವರಿಗೆ ಅವರ ಓದಿನ ಏರ್ಪಾಡೂ ಅಲ್ಲೇ. ತೊಂದರೆ ಇರೋದು ಗಂಟೆ ಹೊಡೆದ ಮೇಲೆ. ಕಾಫಿಗೆ ಬಂದರೆ ಇಂಗ್ಲಿಷ್, ಬೈಬಲ್ ಸ್ಟಡಿ ಇಂಗ್ಲಿಷ್, ಬಾಡಿಗೆ ಮನೆಯ ಅಕ್ಕಪಕ್ಕದಲ್ಲೂ ಮಿಷನರಿಗಳೇ. ಮನೆಗೆ ಬಂದರೆ ನಾವಿಬ್ಬರು ಕನ್ನಡ. ಸ್ಪ್ಯಾನಿಷ್ ನಾಲ್ಕು ಗೋಡೆಯೊಳಗಿನ ವಿಷಯವಾಗಿಬಿಡುತ್ತೆ. ಇದರಲ್ಲಿ ಶಾಲೆಯದೇನೂ ತಪ್ಪಿಲ್ಲ, ಒಂದೇ ಪಾಡಿನವರು ಒಟ್ಟಿಗೆ ಸೇರಿದರೆ ಆಗೋದೇ ಹಾಗೆ.

ಆಂಟಿಗುವಾದಲ್ಲಿ ಇಂಗ್ಲಿಷ್ ಮಾತಾಡೋಕೆ ಅಂಥ ಗುಂಪು ಇರಲಿಲ್ಲ, ಅದೇ ಒಳ್ಳೆಯದಾಯಿತು. ಬೆಳಗಿನ ಹೊತ್ತು ನಾಲ್ಕು ತಾಸು ಪಾಠ, ಒಬ್ಬ ಟೀಚರಿಗೆ ಒಬ್ಬರೇ ವಿದ್ಯಾರ್ಥಿ. ಅಂಗಳದಲ್ಲಿ ಒಂದು ಪುಟ್ಟ ಮೇಜು, ಎರಡು ಕುರ್ಚಿ. ಎದುರಿಗೆ ಕೂತವರು ನಿಮ್ಮನ್ನೇ ನೋಡುತ್ತಿರುವಾಗ ಹಿಂದಿನ ಬೆಂಚಿಗೆ ಜಾರುವ ದಾರಿಯೇ ಇಲ್ಲ. ಖರ್ಚೂ ಸಾನ್ ಹೊಸೆಗಿಂತ ಎಷ್ಟೋ ಕಡಿಮೆ. ಮನೆಯ ಯಜಮಾನಿಯನ್ನು ಎಲ್ಲರೂ 'ದೋನ್ಯಾ' ಅಂತ ಗೌರವ ಸೇರಿಸಿ ಕರೀತಾರೆ. ವಾರದಲ್ಲಿ ಆರು ದಿನ ಮೂರು ಹೊತ್ತಿನ ಊಟ ಅವರದ್ದು, ಭಾನುವಾರ ನಮ್ಮ ಪಾಡು ನಮಗೆ. ಕಪ್ಪು ಹುರುಳಿಯಂಥ ಬೀನ್ಸು, ಕೈಯಲ್ಲಿ ತಟ್ಟಿದ ಮೆಕ್ಕೆಜೋಳದ ರೊಟ್ಟಿ ತೊರ್ತಿಯಾ, ಮೊಟ್ಟೆ. ಖಾರ ಇಲ್ಲ, ಬೇಕಾದವರು ಮೆಣಸಿನಕಾಯಿ ಪಕ್ಕಕ್ಕೆ ಇಟ್ಟುಕೊಳ್ಳಬೇಕು. ಎಳ್ಳು, ಕುಂಬಳಬೀಜ ಹುರಿದು ಅರೆದು ಹಾಕುವ ಪೆಪಿಯಾನ್ ಅನ್ನುವ ಸಾರು ಮಾಡಿದ ದಿನ ನಮ್ಮ ಯಜಮಾನರು ಅನ್ನ ಎರಡು ಸಲ ಬಡಿಸಿಕೊಂಡರು.

ಒಂದು ದಿನ ಮಾರ್ಕೆಟ್ಟಿನಲ್ಲಿ ದೋನ್ಯಾ ಬುಟ್ಟಿಗೆ ಹಾಕಿಕೊಂಡದ್ದು ನೋಡಿದರೆ ನಮ್ಮ ಸೀಮೆಬದನೆಕಾಯಿ! ಅಲ್ಲಿ ಅದು ಗ್ವಿಸ್ಕಿಲ್. ಅದರ ಮೂಲ ಊರೇ ಆ ಕಡೆ, ನಮ್ಮಲ್ಲಿಗೆ ಬಂದದ್ದು ಆಮೇಲೆ. ನಾನು ಒಗ್ಗರಣೆ ಹಾಕಿ ಪಲ್ಯ ಮಾಡಿದೆ. ಸಾಸಿವೆ ಸಿಡಿಯುವ ಸದ್ದಿಗೆ ಅವರು ಬೆಚ್ಚಿಬಿದ್ದು ಅಡುಗೆಮನೆಗೆ ಓಡಿಬಂದರು. ಅದನ್ನು ವಿವರಿಸೋಕೆ ಹೋಗಿ ನಾನು ಆಡಿದಷ್ಟು ಸ್ಪ್ಯಾನಿಷ್ ಯಾವ ಕ್ಲಾಸಿನಲ್ಲೂ ಆಡಿಲ್ಲ.

ಕಷ್ಟಗಳೂ ಇವೆ. ಶವರಿನ ತಲೆಗೇ ಕರೆಂಟು ಕೊಟ್ಟಿರ್ತಾರೆ, ನೀರು ಜಾಸ್ತಿ ಬಿಟ್ಟರೆ ತಣ್ಣಗೆ, ಬಿಸಿ ಬೇಕಾದರೆ ನೂಲಿನಂಥ ಧಾರೆ. ಬಕೆಟ್ಟು ಚೊಂಬು ತಗೊಂಡುಬಿಡಿ. ಟಾಯ್ಲೆಟ್ ಪೇಪರ್ ಕಮೋಡಿಗೆ ಹಾಕಬಾರದು, ಪಕ್ಕದ ಬುಟ್ಟಿಗೆ ಹಾಕಬೇಕು. ಕೋಸ್ಟರಿಕಾದಲ್ಲೂ ಅದೇ ರೂಢಿ. ಹೆಂಗಸರು ಕೆನ್ನೆಗೆ ಕೆನ್ನೆ ತಾಗಿಸಿ ನಮಸ್ಕಾರ ಹೇಳ್ತಾರೆ, ಮೊದಮೊದಲು ಮೈ ಬಿಗಿಯಾಗುತ್ತೆ.

ಮನೆಯವರು ಕಥೋಲಿಕರು, ನಾವು ಸಿಎಸ್ಐ, ಅಂದರೆ ಪ್ರಾಟೆಸ್ಟಂಟ್ ಸಭೆಯವರು. ಪವಿತ್ರ ವಾರದಲ್ಲಿ ಬೀದಿ ತುಂಬ ಬಣ್ಣದ ಮರದ ಪುಡಿಯ ಹಾಸು, ಅದರ ಮೇಲೆ ಮೆರವಣಿಗೆ. ಕೆಲವು ವಿದೇಶಿ ಮಿಷನರಿಗಳು ಮುಖ ಕಿವಿಚಿದ್ದು ನೋಡಿದೆ. ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಸೇಂಟ್ ಮೇರೀಸ್ ತೇರು ನೋಡಿ ಬೆಳೆದವರಿಗೆ ಅದೇನು ಹೊಸದಲ್ಲ. ಅಂಥ ಮನೆಯಲ್ಲಿ ಅತಿಥಿಯಾಗಿ ಉಂಡು, ಅವರಿಂದಲೇ ಮಾತು ತಿದ್ದಿಸಿಕೊಳ್ಳೋದು ಮಿಷನರಿಗೆ ಬೇಕಾದ ಪಾಠ ಅಂತ ನನ್ನ ಅಭಿಪ್ರಾಯ. ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ಮಿಷನರಿಗಳಿಗೆ ಸ್ಪ್ಯಾನಿಷ್ ಕಲಿಸುವ ಕೇಂದ್ರ ಕಟ್ಟಿದ್ದ ಪಾದ್ರಿ ಇವಾನ್ ಇಲಿಚ್, 1968ರಲ್ಲಿ ಅಮೆರಿಕದ ಸ್ವಯಂಸೇವಕರ ಎದುರು ನಿಂತು, ನೋಡೋಕೆ ಬನ್ನಿ, ಕಲಿಯೋಕೆ ಬನ್ನಿ, ಉದ್ಧಾರ ಮಾಡೋಕೆ ಮಾತ್ರ ಬರಬೇಡಿ ಅನ್ನುವ ಅರ್ಥದಲ್ಲಿ ಮಾತಾಡಿದ್ದರು. ಪೂರ್ತಿ ಒಪ್ಪದಿದ್ದರೂ ಹೊರಡುವ ಮೊದಲು ಕೇಳಿಸಿಕೊಳ್ಳಬೇಕಾದ ಮಾತು.

ಹಾಗಾದರೆ ಯಾವುದು? ಮಕ್ಕಳು ಸ್ಕೂಲಿಗೆ ಹೋಗುವ ವಯಸ್ಸಿನವರಾದರೆ ಎರಡನೇ ಯೋಚನೆ ಬೇಡ, ಸಾನ್ ಹೊಸೆ. ಗಂಡ ಹೆಂಡತಿ ಇಬ್ಬರೇ ಆದರೆ ಆಂಟಿಗುವಾ, ಆದಷ್ಟೂ ಬೇರೆ ಬೇರೆ ಟೀಚರ ಹತ್ತಿರ. ಬೆಂಗಳೂರಿನ ಕ್ಲಾಸು ವೀಸಾ ಬರುವ ತನಕ ಕ್ರಿಯಾಪದ ಬಾಯಿಪಾಠ ಮಾಡೋಕೆ ಸಾಕು. ಗ್ವಾಟೆಮಾಲಾದ ಹಳ್ಳಿಗಳಿಗೆ ಹೋಗುವವರು ಇನ್ನೊಂದು ತಿಳಿದಿರಲಿ. ಆ ದೇಶದಲ್ಲಿ ಮೂಲನಿವಾಸಿಗಳ 22 ಮಾಯಾ ಭಾಷೆಗಳಿವೆ, ಅವುಗಳಲ್ಲೊಂದಾದ ಕಾಕ್ಚಿಕೆಲ್ ಆಡುವ ಎಷ್ಟೋ ಅಜ್ಜಿಯರಿಗೆ ಸ್ಪ್ಯಾನಿಷ್ ನಮ್ಮ ಹಾಗೆಯೇ ಎರಡನೇ ಭಾಷೆ.

ಅಮ್ಮನಿಗೆ ಫೋನ್ ಮಾಡೋಕೆ ಅಲ್ಲಿನ ರಾತ್ರಿ 8 ಒಳ್ಳೆಯ ಹೊತ್ತು, ಎರಡೂ ದೇಶದಿಂದ ನೋಡಿದರೆ ಇಲ್ಲಿ ಬೆಳಿಗ್ಗೆ 7.30. ನಿಮ್ಮನ್ನು ಕಳಿಸುವ ಮಂಡಳಿ ಸರ್ಟಿಫಿಕೇಟ್ ಕೇಳಿದರೆ ಸ್ಪೇನ್ ಸರ್ಕಾರದ ದೆಲೆ ಪರೀಕ್ಷೆ ಬರೆಯಿರಿ, ಅದಕ್ಕೆ ಅವಧಿ ಮುಗಿಯೋದಿಲ್ಲ. ಸಿಯೆಲೆ ಅನ್ನುವ ಇನ್ನೊಂದು ಪರೀಕ್ಷೆ ಬರೆದರೆ ಸರ್ಟಿಫಿಕೇಟ್ ನಡೆಯೋದು ಐದು ವರ್ಷ ಮಾತ್ರ.