ಅರ್ಧ ಗಂಟೆ, ಮೂರು ಕನ್ನಡಕ, ಮೂರೂ ತಪ್ಪು

ಒಂಬತ್ತು ವರ್ಷದ ಹುಡುಗ, ಅವನ ತಾಯಿ, ತಾಯಿಯ ಅಪ್ಪ. ಮೂವರೂ ಒಂದೇ ಸಂಜೆ ಒಂದೇ ಕನ್ನಡಕದಂಗಡಿಗೆ ಹೋದರು. ಎಲ್ಲ ವಯಸ್ಸಿನವರಿಗೂ ಕಣ್ಣಿನ ತಪಾಸಣೆ ಅಂತ ಹೊರಗೆ ಬೋರ್ಡು, ಒಳಗೆ ಉಚಿತ ಕಂಪ್ಯೂಟರ್ ಪರೀಕ್ಷೆ. ಅರ್ಧ ಗಂಟೆಯಲ್ಲಿ ಮೂವರ ನಂಬರೂ ಸಿಕ್ಕಿತು, ವಾರದೊಳಗೆ ಮೂರು ಕನ್ನಡಕ ಕೈಗೆ ಬಂತು. ಹುಡುಗನ ತಲೆನೋವು ನಿಲ್ಲದ್ದಕ್ಕೆ ಎರಡು ತಿಂಗಳ ಮೇಲೆ ಕಣ್ಣಾಸ್ಪತ್ರೆಗೆ ಹೋದಾಗ ಉಳಿದಿಬ್ಬರೂ ತೋರಿಸಿಕೊಂಡರು. ಮೂರು ಕನ್ನಡಕವೂ ತಪ್ಪು, ಒಂದೊಂದು ಒಂದೊಂದು ಬಗೆಯಲ್ಲಿ. ಅಂಗಡಿಯ ಹೆಸರು ಬೇಡ. ಎಲ್ಲಿ ತಪ್ಪಿತು ಅನ್ನುವುದು ಗೊತ್ತಿದ್ದರೆ ಇನ್ನೊಬ್ಬರು ತಪ್ಪಿಸಿಕೊಳ್ಳಬಹುದು.

ಮೊದಲು ಆ ಯಂತ್ರದ ವಿಷಯ. ಗಲ್ಲ ಇಟ್ಟು ಒಳಗೆ ನೋಡಿದರೆ ಉದ್ದನೆಯ ರಸ್ತೆ, ಅದರ ತುದಿಯಲ್ಲೊಂದು ಬಣ್ಣದ ಬಲೂನು ಕಾಣುತ್ತದಲ್ಲ, ಅದು ಆಟೋರಿಫ್ರಾಕ್ಟರ್. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಒಳಗೆ ಬಿಟ್ಟು, ಅದು ವಾಪಸು ಬರುವ ರೀತಿಯಿಂದ ನಂಬರು ಅಂದಾಜಿಸುತ್ತದೆ. ಬಲೂನು ದೂರದಲ್ಲಿದ್ದಂತೆ ಕಂಡರೂ ಡಬ್ಬಿ ಇರುವುದು ಮೂಗಿನ ಮುಂದೆ ಅಂತ ಕಣ್ಣಿಗೆ ಗೊತ್ತು. ಹಾಗಾಗಿ ಹತ್ತಿರದ್ದನ್ನು ನೋಡುವಾಗ ಮಾಡುವಂತೆ ಒಳಗಿನ ಸ್ನಾಯು ಬಿಗಿಯುತ್ತದೆ, ಲೆನ್ಸು ಉಬ್ಬುತ್ತದೆ, ಯಂತ್ರ ಇಲ್ಲದ ಮೈನಸ್ (ದೂರದ್ದು ಮಂಜಾಗಿ ಕಾಣುವವರ ನಂಬರು) ತೋರಿಸುತ್ತದೆ. ದೊಡ್ಡವರಲ್ಲಿ ಇದು ಅಲ್ಪ, ಮಕ್ಕಳಲ್ಲಿ ವಿಪರೀತ. ಯಂತ್ರ ಕೆಟ್ಟದ್ದೇನಲ್ಲ, ಎಲ್ಲಿಂದ ಪರೀಕ್ಷೆ ಶುರುಮಾಡಬೇಕು ಅಂತ ಹೇಳುತ್ತದೆ. ಅಂಗಡಿಯವರು ಅಲ್ಲಿಂದ ಮುಂದಕ್ಕೆ ಹೋಗಲೇ ಇಲ್ಲ.

ಹುಡುಗನ ಚೀಟಿ ಇನ್ನೂ ಇತ್ತು. ಒಂದೊಂದು ಕಣ್ಣಿಗೆ ಮೂರು ಮೂರು ಸಾಲು, ಕೊನೆಯಲ್ಲಿ ಯಂತ್ರವೇ ಆರಿಸಿದ ಒಂದು ಸಾಲು. ಬಲಗಣ್ಣಿನ ಮೂರು ಸಾಲು -0.75, -1.75, -1.00. ಎಡಗಣ್ಣಿನದು +0.75, -0.25, +1.25. ಅದೇ ಕಣ್ಣು, ಅದೇ ನಿಮಿಷ, ಆದರೂ ಒಂದಕ್ಕೊಂದು ಒಂದು, ಒಂದೂವರೆ ಪವರಿನಷ್ಟು ದೂರ. ಸ್ನಾಯು ಸುಮ್ಮನಿದ್ದಿದ್ದರೆ ಮೂರೂ ಸಾಲು ಹೆಚ್ಚುಕಡಿಮೆ ಒಂದೇ ಇರುತ್ತಿದ್ದವು. ಇಷ್ಟು ಕುಣಿದಾಡುವ ಚೀಟಿ ಕಂಡ ಕೂಡಲೇ 'ಈ ಮಗುವಿಗೆ ಸ್ನಾಯು ಸಡಿಲಿಸುವ ಡ್ರಾಪ್ಸ್ ಹಾಕಿ ನೋಡಬೇಕು' ಅನ್ನಬೇಕಿತ್ತು. ಅವರು ಬಲಗಣ್ಣಿಗೆ -1.00 ಹಾಕಿದರು, ಎಡಗಣ್ಣಿಗೆ ನಂಬರೇ ಇಲ್ಲ ಅಂತ ಬರೀ ಗಾಜು ಕೊಟ್ಟರು.

ಗೋಡೆಯ ಅಕ್ಷರ ಓದಿಸಿದ್ದೂ ಹಾಗೇ. 'ಬಲಗಣ್ಣು ಮುಚ್ಚಿಕೋ' ಅಂದರು, ಹುಡುಗ ಅಂಗೈ ಅಡ್ಡ ಇಟ್ಟುಕೊಂಡ. ಬೆರಳ ಸಂದಿಯಲ್ಲಿ ಬಲಗಣ್ಣು ಆರಾಮಾಗಿ ನೋಡುತ್ತಿತ್ತು. ಮೇಲಾಗಿ ಎರಡು ಕಣ್ಣಿಗೂ ಅದೇ ಚಾರ್ಟು, ಅದೇ ಸಾಲು. ಮೊದಲ ಸಲ ಓದಿದ್ದು ಬಾಯಿಪಾಠವಾಗಿತ್ತು. ಮಕ್ಕಳು ಇದನ್ನು ಮೋಸ ಅಂತ ಮಾಡುವುದಿಲ್ಲ, ಪರೀಕ್ಷೆ ಅಂದಮೇಲೆ ಪಾಸಾಗಬೇಕು ಅಂದುಕೊಂಡಿರುತ್ತಾರೆ. ಮುಚ್ಚುವ ಕಣ್ಣಿನ ಮೇಲೆ ಅಂಟುವ ಪಟ್ಟಿ ಹಾಕಬೇಕು, ಎರಡನೇ ಕಣ್ಣಿಗೆ ಅಕ್ಷರ ಬದಲಿಸಬೇಕು ಅಥವಾ ಹಿಂದುಮುಂದಾಗಿ ಓದಿಸಬೇಕು.

ಆಸ್ಪತ್ರೆಯಲ್ಲಿ ಅಂಥದ್ದೇ ಡ್ರಾಪ್ಸ್, 1% ಸೈಕ್ಲೋಪೆಂಟೋಲೇಟ್ ಹನಿ ಹಾಕಿದರು, 5-10 ನಿಮಿಷ ಬಿಟ್ಟು ಇನ್ನೊಂದು ಹನಿ, ಮುಕ್ಕಾಲು ಗಂಟೆ ಕಾಯಿಸಿ ಆಮೇಲೆ ಕಣ್ಣೊಳಗೆ ಬೆಳಕು ಬಿಟ್ಟು ನಂಬರು ಅಳೆಯುವ ರೆಟಿನೋಸ್ಕೋಪಿನಿಂದ ನೋಡಿದರು. ಬಲಗಣ್ಣು +0.75, ಎಡಗಣ್ಣು +3.25. ಬಲಗಣ್ಣನ್ನು ಸರಿಯಾಗಿ ಮುಚ್ಚದೆ ಎಡಗಣ್ಣು 'ಚೆನ್ನಾಗಿದೆ' ಅಂದಿದ್ದರಲ್ಲ, ಆ ಎಡಗಣ್ಣೇ ಸೋಮಾರಿ ಕಣ್ಣು. ಸರಿಯಾದ ಗಾಜು ಹಾಕಿದರೂ 6/24ರ ಸಾಲು ದಾಟಲಿಲ್ಲ, ಅಂದರೆ ಬೇರೆಯವರು 24 ಮೀಟರಿನಿಂದ ಓದುವುದನ್ನು ಇದು 6 ಮೀಟರಿನಿಂದ ಓದಬೇಕು. ಎರಡು ಕಣ್ಣಿನ ನಂಬರಿಗೆ ಇಷ್ಟು ಅಂತರವಿದ್ದರೆ ಮಿದುಳು ಸುಲಭವಾಗಿ ಕಾಣುವ ಕಣ್ಣಿನ ಚಿತ್ರವನ್ನೇ ತೆಗೆದುಕೊಂಡು ಇನ್ನೊಂದನ್ನು ಬಿಟ್ಟುಬಿಡುತ್ತದೆ. ಮೆಳ್ಳೆಗಣ್ಣಾದರೆ ಮನೆಯವರಿಗೆ ಕಾಣುತ್ತದೆ. ಇಲ್ಲಿ ಹೊರಗಿನಿಂದ ಏನೂ ಕಾಣದು, ಮಗು ಓಡಾಡುತ್ತದೆ, ಆಡುತ್ತದೆ, ಓದುತ್ತದೆ, ಎಲ್ಲವೂ ಒಂದೇ ಕಣ್ಣಿನ ಮೇಲೆ. ಏಳೆಂಟು ವರ್ಷದೊಳಗೆ ಗೊತ್ತಾದರೆ ಚಿಕಿತ್ಸೆ ಚೆನ್ನಾಗಿ ಹಿಡಿಯುತ್ತದೆ, ತಡವಾದಷ್ಟೂ ನಿಧಾನ. ಒಳ್ಳೆಯ ಕಣ್ಣಿಗೆ ಮೈನಸ್ ಹಾಕಿದ್ದರಿಂದ ಅದು ದಿನವಿಡೀ ಹೆಚ್ಚುವರಿ ಹೊರೆ ಹೊತ್ತಿತ್ತು. ತಲೆನೋವು ಬಂದದ್ದು ಅದಕ್ಕೇ.

ಡ್ರಾಪ್ಸ್ ಅಂದರೆ ತಂದೆತಾಯಿಗಳೇ ಬೇಡ ಅನ್ನುವುದುಂಟು. ಸುಮಾರು ಒಂದು ದಿನ ಹತ್ತಿರದ್ದು ಮಂಜಾಗಿ ಕಾಣುತ್ತದೆ, ಬಿಸಿಲಿಗೆ ಕಣ್ಣು ಕುಕ್ಕುತ್ತದೆ, ಆಮೇಲೆ ತಾನಾಗಿ ಸರಿಹೋಗುತ್ತದೆ. ರಜೆಯ ಹಿಂದಿನ ದಿನ ಹಾಕಿಸಿದರಾಯಿತು. ಮಗುವಿನ ಮೊದಲ ಕನ್ನಡಕ ಡ್ರಾಪ್ಸ್ ಇಲ್ಲದೆ ಅಂದರೆ ಒಪ್ಪಬೇಡಿ. ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಕೊಟ್ಟಿರುವುದು ಮೈನಸ್ಸೋ ಪ್ಲಸ್ಸೋ ಅಂತ ಮನೆಯಲ್ಲೇ ನೋಡಬಹುದು. ಕನ್ನಡಕವನ್ನು ತೋಳುದ್ದ ಮುಂದೆ ಹಿಡಿದು, ಗಾಜಿನ ಮೂಲಕ ದೂರದ ಕಿಟಕಿಯ ಅಂಚು ನೋಡುತ್ತ ನಿಧಾನಕ್ಕೆ ಬಲಕ್ಕೆ ಸರಿಸಿ. ಅಂಚೂ ಬಲಕ್ಕೇ ಸರಿದರೆ ಮೈನಸ್, ಎಡಕ್ಕೆ ಓಡಿದರೆ ಪ್ಲಸ್, ಅಲುಗದಿದ್ದರೆ ಬರೀ ಗಾಜು.

ಇನ್ನು ತಾಯಿ. ವಯಸ್ಸು 46, ಎರಡೂ ಕಣ್ಣಿಗೆ -5.50, ಜೊತೆಗೆ 1.50 ಸಿಲಿಂಡರ್ (ಒಂದು ದಿಕ್ಕಿಗೆ ಮಾತ್ರ ಬೇಕಾದ ಪವರು), ಈಚೆಗೆ ಚಾಳೀಸೂ ಸೇರಿತ್ತು. ದೂರಕ್ಕೂ ಓದುವುದಕ್ಕೂ ಒಂದೇ ಗಾಜಿರುವ ಪ್ರೊಗ್ರೆಸ್ಸಿವ್ ಲೆನ್ಸ್ ಮಾಡಿಕೊಟ್ಟರು. ಇವರ ನಂಬರು ತಪ್ಪಿರಲಿಲ್ಲ. ತಪ್ಪಿದ್ದು ಅಳತೆ, ಅದೂ ಮೂರು ಕಡೆ.

ಒಂದು, ಪಿಡಿ. ಎರಡು ಕಣ್ಣಿನ ಪಾಪೆಗಳ ನಡುವಿನ ದೂರ. ಯಂತ್ರದ ಚೀಟಿಯ ಕೆಳಗೆ 66 ಅಂತ ಬಿದ್ದಿತ್ತು, ಅದನ್ನೇ ಬರೆದರು. ತಲೆ ಒಂಚೂರು ಅಲುಗಿದರೂ ಆ ಅಂಕಿ ಕೆಡುತ್ತದೆ. ನಿಜವಾಗಿ ಇದ್ದದ್ದು 61, ಬಲಕ್ಕೆ 30, ಎಡಕ್ಕೆ 31. ಅಂದರೆ ಒಂದೊಂದು ಲೆನ್ಸಿನ ಕೇಂದ್ರವೂ ಸರಾಸರಿ ಎರಡೂವರೆ ಮಿಲಿಮೀಟರ್ ಹೊರಗೆ. ಲೆಕ್ಕ ಸುಲಭ: ಸೆಂಟಿಮೀಟರಿನಲ್ಲಿ ತಪ್ಪಿದ ದೂರವನ್ನು ಪವರಿನಿಂದ ಗುಣಿಸಿದರೆ ಅಷ್ಟು ಪ್ರಿಸಮ್, ಅಂದರೆ ಚಿತ್ರ ಅಷ್ಟು ಪಕ್ಕಕ್ಕೆ ಸರಿಯುತ್ತದೆ. ಎರಡೂ ಕಣ್ಣು ಸೇರಿ 0.5 ಗುಣಿಸು 5.5, ಅಂದರೆ 2.75. ಮೈನಸ್ ಲೆನ್ಸಿನ ಕೇಂದ್ರ ಹೊರಗೆ ಹೋದರೆ ಕಣ್ಣುಗಳು ಹೊರಮುಖವಾಗಿ ಎಳೆದುಕೊಂಡು ನೋಡಬೇಕು. ಒಳಮುಖವಾಗಿ ತಿರುಗುವುದು ಕಣ್ಣಿಗೆ ಸಲೀಸು, ಹೊರಮುಖ ಬಹಳ ಕಷ್ಟ. ಸಂಜೆ ಹೊತ್ತಿಗೆ ಹುಬ್ಬಿನ ಮೇಲೆ ಭಾರ, ಒಮ್ಮೊಮ್ಮೆ ಎರಡೆರಡು ಕಾಣುವುದು. ನಂಬರು +1.00 ಇದ್ದವರಿಗೆ ಇದೇ 5 ಮಿಲಿಮೀಟರ್ ತಪ್ಪು ಗೊತ್ತೂ ಆಗುತ್ತಿರಲಿಲ್ಲ. ದೊಡ್ಡ ನಂಬರಿನವರು, ಪ್ರೊಗ್ರೆಸ್ಸಿವ್ ಹಾಕುವವರು ಪಿಡಿಯನ್ನು ಒಂದೊಂದು ಕಣ್ಣಿಗೂ ಬೇರೆ ಬೇರೆ ಅಳೆಸಲೇಬೇಕು.

ಎರಡು, ಎತ್ತರ. ಪ್ರೊಗ್ರೆಸ್ಸಿವ್‌ನಲ್ಲಿ ದೂರದ ಭಾಗದಿಂದ ಓದುವ ಭಾಗಕ್ಕೆ ಇಳಿಯುವ ದಾರಿ ಕಿರಿದು, ಅದು ಪಾಪೆಗೆ ಸರಿಯಾಗಿ ಶುರುವಾಗಬೇಕು. ಅದಕ್ಕೆ ಆರಿಸಿದ ಫ್ರೇಮನ್ನೇ ಮುಖಕ್ಕೆ ಕೂರಿಸಿ, ಮೂಗಿನ ಪ್ಯಾಡು, ಕಿವಿಯ ಕಡ್ಡಿ ಮೊದಲೇ ಸರಿಮಾಡಿ, ನಿಮ್ಮ ಎದುರು ಸಮನಾದ ಎತ್ತರದಲ್ಲಿ ಕೂತು, ಡೆಮೊ ಗಾಜಿನ ಮೇಲೆ ಪೆನ್ನಿನಿಂದ ಪಾಪೆಯ ಗುರುತು ಹಾಕುತ್ತಾರೆ. ಅಲ್ಲಿಂದ ಗಾಜಿನ ಕೆಳ ಅಂಚಿಗೆ ಎಷ್ಟು ಮಿಲಿಮೀಟರ್ ಅಂತ ಅಳೆಯುತ್ತಾರೆ. ಪೆನ್ನು ಕೈಗೆತ್ತಿಕೊಳ್ಳದವರ ಹತ್ತಿರ ಪ್ರೊಗ್ರೆಸ್ಸಿವ್ ಮಾಡಿಸಬೇಡಿ. ಈ ಅಂಗಡಿಯಲ್ಲಿ ಎಲ್ಲರಿಗೂ ಹಾಕುವ ಒಂದು ಅಂದಾಜು ಎತ್ತರ ಹಾಕಿದ್ದರು, ಅದು 3 ಮಿಲಿಮೀಟರ್ ಕೆಳಗಾಗಿತ್ತು. ಆಯಮ್ಮ ಎರಡು ತಿಂಗಳು ಗಲ್ಲ ಎತ್ತಿಕೊಂಡೇ ಓದಿದ್ದಾರೆ, ಕತ್ತು ಹಿಡಿದುಕೊಂಡಿದೆ. ಎತ್ತರ ಹೆಚ್ಚಾಗಿದ್ದರೆ ಉಲ್ಟಾ, ದೂರದ್ದು ಮಂಜಾಗಿ ತಲೆ ತಗ್ಗಿಸಿ ನೋಡಬೇಕಾಗುತ್ತಿತ್ತು.

ಮೂರನೆಯದು ಚಿಕ್ಕದು, ಆದರೆ ಪತ್ತೆಯಾಗದಂಥದ್ದು. ಸಿಲಿಂಡರಿನ ಆಕ್ಸಿಸ್, ಅಂದರೆ ಅದು ಕೂರಬೇಕಾದ ಕೋನ, ಬಲಕ್ಕೆ 10, ಎಡಕ್ಕೆ 170. ಆರ್ಡರ್ ಬರೆಯುವಾಗ ಎಡಬಲ ಅದಲುಬದಲಾಗಿದೆ. ಪವರು ಎರಡೂ ಒಂದೇ ಆದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. 10ರಿಂದ 170 ಅಂದರೆ 20 ಡಿಗ್ರಿ ತಿರುವು (180 ಮತ್ತು ಸೊನ್ನೆ ಒಂದೇ). 1.50 ಸಿಲಿಂಡರ್ 20 ಡಿಗ್ರಿ ತಿರುಗಿದರೆ ಸುಮಾರು 1.00 ಸಿಲಿಂಡರ್ ಉಳಿದೇಬಿಡುತ್ತದೆ. 30 ಡಿಗ್ರಿ ತಿರುಗಿದರಂತೂ ಸಿಲಿಂಡರ್ ಹಾಕಿಯೂ ಹಾಕದ ಹಾಗೆ.

ದೂರು ಹೇಳಿದಾಗ ಅಂಗಡಿಯವರ ಉತ್ತರ ಒಂದೇ: 'ಹೊಸ ಕನ್ನಡಕ ಅಲ್ವಾ ಮೇಡಂ, ಅಭ್ಯಾಸ ಆಗುತ್ತೆ.' ಪ್ರೊಗ್ರೆಸ್ಸಿವ್‌ಗೆ ಒಂದೆರಡು ವಾರ ಬೇಕು, ಅದು ನಿಜ. ಮೆಟ್ಟಿಲು ಇಳಿಯುವಾಗ ತೂರಾಡಿದಂತಾಗುವುದು, ಅಂಚಿನಲ್ಲಿ ಅಲೆಅಲೆಯಾಗಿ ಕಾಣುವುದು, ಇವು ಕಡಿಮೆಯಾಗುತ್ತವೆ. ಎರಡೆರಡು ಕಾಣುವುದು, ಗಲ್ಲ ಎತ್ತಿದರೇ ಓದಲಾಗುವುದು, ಒಂದು ಕಣ್ಣು ಮುಚ್ಚಿದರೆ ಹಾಯೆನಿಸುವುದು ಅಭ್ಯಾಸದ ಮಾತಲ್ಲ, ಅಳತೆ ತಪ್ಪಿರುವ ಗುರುತು. ಲೆನ್ಸಿನ ಮೇಲೆ ಸಾಕ್ಷಿಯೂ ಇರುತ್ತದೆ. ಪ್ರೊಗ್ರೆಸ್ಸಿವ್ ಲೆನ್ಸನ್ನು ದೀಪಕ್ಕೆ ಓರೆ ಹಿಡಿದರೆ 34 ಮಿಲಿಮೀಟರ್ ಅಂತರದಲ್ಲಿ ಎರಡು ಕೊರೆದ ಗುರುತು ಕಾಣುತ್ತವೆ. ಅವನ್ನು ಹಿಡಿದು ಲೆನ್ಸಿನ ಕೇಂದ್ರ ಎಲ್ಲಿ ಕೂತಿದೆ ಅಂತ ಯಾರು ಬೇಕಾದರೂ ಮತ್ತೆ ಅಳೆಯಬಹುದು. ಆಸ್ಪತ್ರೆಯ ಆಪ್ಟೋಮೆಟ್ರಿಸ್ಟ್ (ಕಣ್ಣಿನ ನಂಬರು ಪರೀಕ್ಷಿಸುವವರು) ಮಾಡಿದ್ದೂ ಅದನ್ನೇ: ಗುರುತು ಹಾಕಿ, ಅದೇ ಕನ್ನಡಕ ಮುಖದ ಮೇಲಿಟ್ಟು, ಪಾಪೆ ಎಲ್ಲಿದೆ ಗುರುತು ಎಲ್ಲಿದೆ ಅಂತ ತೋರಿಸಿದರು. ಅದನ್ನು ತೋರಿಸಿದ ಮೇಲೆ ಅಂಗಡಿಯವರು ಮಾತಾಡದೆ ಲೆನ್ಸ್ ಬದಲಿಸಿಕೊಟ್ಟರು.

ಇವರಿಗೆ ನೀಲಿ ಬೆಳಕು ತಡೆಯುವ ಕೋಟಿಂಗನ್ನೂ ಮಾರಿದ್ದರು. ಪುಟ್ಟ ಟಾರ್ಚಿನಿಂದ ಕಾರ್ಡಿನ ಮೇಲೆ ಬೆಳಕು ಬಿಟ್ಟು, ನಡುವೆ ಲೆನ್ಸ್ ಹಿಡಿದರೆ ಬೆಳಕು ಮಾಯ. ನೋಡಲು ಚೆಂದ. ಆ ಟಾರ್ಚಿನದು ಸಾಮಾನ್ಯವಾಗಿ 405 ನ್ಯಾನೋಮೀಟರಿನ ನೇರಳೆ, ಮೊಬೈಲು-ಲ್ಯಾಪ್‌ಟಾಪ್ ಪರದೆಯ ನೀಲಿ ಇರುವುದು ಸುಮಾರು 450ರಲ್ಲಿ. 2023ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು. ಈ ಲೆನ್ಸಿನಿಂದ ಪರದೆ ನೋಡುವವರ ಕಣ್ಣಿನ ಆಯಾಸ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಆ ದುಡ್ಡನ್ನು ಗೀರು ಬೀಳದ, ಪ್ರತಿಫಲನ ಕಡಿಮೆ ಮಾಡುವ ಕೋಟಿಂಗಿಗೆ ಹಾಕಿದ್ದರೆ ಉಪಯೋಗವಾಗುತ್ತಿತ್ತು.

ತಾತನಿಗೆ 71. ಅವರ ವಿಷಯದಲ್ಲಿ ಎಲ್ಲರೂ ಖುಷಿಯಾಗಿದ್ದರು. ಓದುವ ಕನ್ನಡಕವಿಲ್ಲದೆ ಪೇಪರ್ ಓದಲು ಶುರುಮಾಡಿದ್ದರು, 'ಅಪ್ಪನ ಕಣ್ಣು ವಾಪಸು ಬಂತು' ಅಂತ ಮನೆಯಲ್ಲಿ ಮಾತು. ಒಂದೂವರೆ ವರ್ಷದಲ್ಲಿ ದೂರದ ನಂಬರು +1.00 ಇದ್ದದ್ದು -1.50ಕ್ಕೆ ಬಂದಿತ್ತು, ಪ್ರತಿ ಸಲವೂ ಹೊಸ ಕನ್ನಡಕ. ಕಣ್ಣೊಳಗಿನ ಲೆನ್ಸಿನ ನಡುಭಾಗ ಗಟ್ಟಿಯಾಗಿ ಪೊರೆ ಬೆಳೆಯುವಾಗ ಹೀಗೆಯೇ ನಂಬರು ಮೈನಸ್ಸಿನತ್ತ ಜಾರುತ್ತದೆ, ಹತ್ತಿರದ್ದು ಕೆಲಕಾಲ ಚೆನ್ನಾಗಿ ಕಾಣುತ್ತದೆ. ಅರವತ್ತು ದಾಟಿದವರಿಗೆ ಪದೇಪದೇ ನಂಬರು ಬದಲಾದರೆ ಕನ್ನಡಕ ಬದಲಿಸುವ ಮೊದಲು ಪೊರೆ ನೋಡಿಸಿ, ಸಕ್ಕರೆಯನ್ನೂ ನೋಡಿಸಿ. ಸಕ್ಕರೆ ಏರುಪೇರಾಗುತ್ತಿರುವಾಗ ಮಾಡಿಸಿದ ಕನ್ನಡಕ, ಅದು ಹತೋಟಿಗೆ ಬಂದಮೇಲೆ ಹೊಂದುವುದಿಲ್ಲ.

ಪೊರೆ ಅಷ್ಟೇ ಆಗಿದ್ದರೆ ಆಪರೇಷನ್‌ನಲ್ಲಿ ಮುಗಿಯುತ್ತಿತ್ತು. ಅಂಗಡಿಯಲ್ಲಿ ಗಾಳಿ ಊದುವ ಯಂತ್ರದಿಂದ ಕಣ್ಣೊತ್ತಡ ನೋಡಿದ್ದರು, 18 ಬಂತು, 'ನಾರ್ಮಲ್, ಗ್ಲಾಕೋಮಾ ಇಲ್ಲ' ಅಂದರು. ಗ್ಲಾಕೋಮಾ ಅಂದರೆ ಕಣ್ಣಿನ ನರ ಮೆಲ್ಲಗೆ ಸಾಯುವ ರೋಗ. 10ರಿಂದ 21 ಸಾಮಾನ್ಯ ಅನ್ನುವುದು ಸರಿ. ಆದರೆ ಒತ್ತಡ ಆ ಮಿತಿಯೊಳಗಿದ್ದೇ ನರ ಸಾಯುವ ಗ್ಲಾಕೋಮಾ ಇದೆ, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ತೆಳುವಿದ್ದವರಲ್ಲಿ ಯಂತ್ರ ಒತ್ತಡವನ್ನು ಕಡಿಮೆ ತೋರಿಸುವುದೂ ಇದೆ. ಗ್ಲಾಕೋಮಾ ಇಲ್ಲ ಅನ್ನಬೇಕಾದರೆ ಕಣ್ಣಿನ ಹಿಂದಿನ ನರದ ತಲೆ ನೋಡಿರಬೇಕು, ಅನುಮಾನ ಬಂದರೆ ಸುತ್ತಲಿನ ನೋಟ ಅಳೆಯುವ ಫೀಲ್ಡ್ ಟೆಸ್ಟ್ ಮಾಡಿರಬೇಕು. ತಾತನ ಎಡಗಣ್ಣಿನ ಮೇಲ್ಭಾಗದ ನೋಟ ಅಷ್ಟರಲ್ಲಿ ಹೋಗಿತ್ತು. ನಡುವಿನ ದೃಷ್ಟಿ ಕೊನೆಯವರೆಗೂ ಉಳಿಯುವುದರಿಂದ ಅಕ್ಷರ ಓದಿಸುವ ಪರೀಕ್ಷೆಯಲ್ಲಿ ಇದು ಸಿಕ್ಕುವುದಿಲ್ಲ. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಕಾಯಲು ದಿನಾ ಹನಿ.

ಹೋಗುವ ಮುಂಚೆ ಫೋನಿನಲ್ಲೇ ಎರಡು ಮಾತು ಕೇಳಿ: ಮಗುವಿಗೆ ಡ್ರಾಪ್ಸ್ ಹಾಕಿ ನೋಡುತ್ತೀರಾ, ಇಲ್ಲವೇ ಹಾಕುವವರ ಹತ್ತಿರ ಕಳಿಸುತ್ತೀರಾ? ದೊಡ್ಡವರಿಗೆ ಪಾಪೆ ಅಗಲಿಸಿ ಹಿಂಭಾಗ ನೋಡುತ್ತೀರಾ? 'ಕಂಪ್ಯೂಟರಲ್ಲಿ ಎಲ್ಲಾ ಗೊತ್ತಾಗುತ್ತೆ' ಅಂದರೆ ಫೋನಿಡಿ. ಒಳ್ಳೆಯ ಆಪ್ಟೋಮೆಟ್ರಿಸ್ಟ್ ಇವೆಲ್ಲವನ್ನೂ ಹಿಡಿಯುತ್ತಾರೆ, ತಮ್ಮ ಕೈಲಾಗದ್ದನ್ನು ಡಾಕ್ಟರ ಹತ್ತಿರ ಕಳಿಸುತ್ತಾರೆ. ಹಳೆಯ ಕನ್ನಡಕ ಜೊತೆಗೊಯ್ಯಿರಿ. ನಂಬರು, ಆಕ್ಸಿಸ್, ಪಿಡಿ ಬರೆದ ಕಾಗದ ಕೈಗೆ ಕೊಡಲು ಹೇಳಿ. ಕನ್ನಡಕ ತಂದ ದಿನ ಅದನ್ನು ಗಾಜಿನ ನಂಬರು ಅಳೆಯುವ ಲೆನ್ಸ್‌ಮೀಟರಿಗೆ ಹಾಕಿಸಿ ಕಾಗದದ ಪಕ್ಕ ಇಟ್ಟು ನೋಡಿ. ಎರಡು ನಿಮಿಷದ ಕೆಲಸ, ಆ ಅದಲುಬದಲಾದ ಆಕ್ಸಿಸ್ ಅಲ್ಲೇ ಸಿಕ್ಕಿಬೀಳುತ್ತಿತ್ತು. ಕಣ್ಣಲ್ಲಿ ಇದ್ದಕ್ಕಿದ್ದಂತೆ ಮಿಂಚು, ಕಪ್ಪು ಚುಕ್ಕೆಗಳ ಮಳೆ, ಪರದೆ ಇಳಿದಂತೆ ಕತ್ತಲು ಕಂಡರೆ ಕನ್ನಡಕದಂಗಡಿಗೆ ಹೋಗಲೇಬೇಡಿ, ಅವತ್ತೇ ಕಣ್ಣಾಸ್ಪತ್ರೆಗೆ.

ಅಪ್ಪನಿಗೆ ಗ್ಲಾಕೋಮಾ ಇದ್ದರೆ ಮಕ್ಕಳಿಗೆ ಅಪಾಯ ಹೆಚ್ಚು, ಮೈನಸ್ ನಂಬರು ದೊಡ್ಡದಿದ್ದರೆ ಇನ್ನೂ ಹೆಚ್ಚು. ಅದಕ್ಕೇ ಅವತ್ತು ಕತ್ತುನೋವಿಗೆ ಕನ್ನಡಕ ತೋರಿಸಲು ಬಂದಿದ್ದ ತಾಯಿಯನ್ನೂ ಪಾಪೆ ಅಗಲಿಸಿ ನೋಡಿದರು. ನರ ಸದ್ಯಕ್ಕೆ ಸರಿಯಿದೆ, ವರ್ಷಕ್ಕೊಮ್ಮೆ ಬರಲು ಹೇಳಿದ್ದಾರೆ. ಹುಡುಗನಿಗೆ ಹೊಸ ಕನ್ನಡಕ, ಸೋಮಾರಿ ಎಡಗಣ್ಣು ಕೆಲಸ ಮಾಡಲಿ ಅಂತ ಬಲಗಣ್ಣಿಗೆ ದಿನಕ್ಕೆ ಎರಡು ಗಂಟೆ ಪಟ್ಟಿ.