ಕಂಪೈಲ್ ಆಯಿತೆಂದು ನಂಬಬೇಡಿ: ಜಾವಾ ಆ್ಯಪ್ಲೆಟ್‌ಗಳನ್ನು ಡಾಟ್‌ನೆಟ್‌ಗೆ ದಾಟಿಸುವವರಿಗೆ

ಯಾವುದೋ ಹಳೆಯ ಸರ್ವರ್‌ನಲ್ಲಿ ಜಾವಾ ಆ್ಯಪ್ಲೆಟ್ (ಬ್ರೌಸರ್ ಪುಟದೊಳಗೆ ಓಡುತ್ತಿದ್ದ ಪುಟ್ಟ ಜಾವಾ ಪ್ರೋಗ್ರಾಂ) ಒಂದು ಇನ್ನೂ ಉಳಿದಿದೆ, ಅದನ್ನು ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವೇದಿಕೆಯ ಭಾಷೆಯಾದ ಸಿ ಶಾರ್ಪ್‌ಗೆ ಬದಲಿಸಿಕೊಡಿ ಎಂಬ ಕೆಲಸ ನಿಮಗೆ ಬಂದಿದ್ದರೆ, ಕೋಡನ್ನು ಪರಿವರ್ತಕ ತಂತ್ರಾಂಶದ ಬಾಯಿಗೆ ಹಾಕುವ ಮುನ್ನ ಇದನ್ನು ಓದಿ. ಈ ದಾರಿಯಲ್ಲಿ ದೊಡ್ಡ ಪೆಟ್ಟು ಬೀಳುವುದು ಕಂಪೈಲ್ ಆಗದ ಸಾಲುಗಳಿಂದಲ್ಲ, ತಕರಾರಿಲ್ಲದೆ ಕಂಪೈಲ್ ಆಗಿ ತಪ್ಪು ಲೆಕ್ಕ ಕೊಡುವ ಸಾಲುಗಳಿಂದ.

ಮೊದಲು, ಈ ದಾರಿ ಹಿಡಿದವರಿಗೆ ಏನಾಯಿತು ನೋಡಿ. ಜಾವಾ ಹುಟ್ಟುಹಾಕಿದ ಸನ್ ಕಂಪನಿ ಮತ್ತು ಮೈಕ್ರೋಸಾಫ್ಟ್ ನಡುವಿನ ಜಾವಾ ಮೊಕದ್ದಮೆ 2001ರಲ್ಲಿ ರಾಜಿಯಾದ ಮೇಲೆ, ಆ್ಯಪ್ಲೆಟ್ ಬರೆದವರನ್ನು ಡಾಟ್‌ನೆಟ್‌ನತ್ತ ಕರೆಯಲು ಮೈಕ್ರೋಸಾಫ್ಟ್ ಎರಡು ಸೇತುವೆ ಕಟ್ಟಿತು. ಒಂದು, ಜೆ ಶಾರ್ಪ್ (ಡಾಟ್‌ನೆಟ್‌ಗಾಗಿ ಮಾಡಿದ ಜಾವಾದಂಥ ಭಾಷೆ) ಬ್ರೌಸರ್ ಕಂಟ್ರೋಲ್ಸ್: ಆ್ಯಪ್ಲೆಟ್ ಟ್ಯಾಗ್ ತೆಗೆದು ಆಬ್ಜೆಕ್ಟ್ ಟ್ಯಾಗ್ ಹಾಕಬೇಕು, ಕೋಡನ್ನು ಜೆ ಶಾರ್ಪ್‌ನಲ್ಲಿ ಮತ್ತೆ ಕಂಪೈಲ್ ಮಾಡಬೇಕು. ಅದರ ಲೈಬ್ರರಿ ಜೆಡಿಕೆ (ಜಾವಾ ಪ್ರೋಗ್ರಾಂ ಕಟ್ಟುವ ಸಲಕರಣೆಗಳ ಕಟ್ಟು) 1.1.4ರ ಮಟ್ಟದ್ದು. ಬೇರೆ ಯಂತ್ರದ ಜಾವಾ ಕೋಡನ್ನು ಕರೆಯುವ ಆರ್‌ಎಂಐ ಇಲ್ಲ, ಸಿ ಭಾಷೆಯಂಥವುಗಳ ಕೋಡನ್ನು ಕರೆಯುವ ಜೆಎನ್‌ಐ ಇಲ್ಲ, ಓಡುವುದೂ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ. ಇನ್ನೊಂದು, ಜಾವಾವನ್ನು ಸಿ ಶಾರ್ಪ್‌ಗೆ ಬದಲಿಸುವ ಲ್ಯಾಂಗ್ವೇಜ್ ಕನ್ವರ್ಷನ್ ಅಸಿಸ್ಟೆಂಟ್. ವಿಷುವಲ್ ಸ್ಟುಡಿಯೋ 2008 ಬರುವಷ್ಟರಲ್ಲಿ ಜೆ ಶಾರ್ಪ್ ಹಾಗೂ ಆ ಪರಿವರ್ತಕ ಎರಡೂ ಪೆಟ್ಟಿಗೆಯಲ್ಲಿರಲಿಲ್ಲ. ಕೆಲವರು ಎಲ್ಲವನ್ನೂ ಮೈಕ್ರೋಸಾಫ್ಟ್‌ನದೇ ಬ್ರೌಸರ್ ಪ್ಲಗಿನ್ ಆದ ಸಿಲ್ವರ್‌ಲೈಟ್‌ನಲ್ಲಿ ಹೊಸದಾಗಿ ಬರೆದರು. 2015ರ ಸೆಪ್ಟೆಂಬರ್‌ನಲ್ಲಿ ಕ್ರೋಮ್ 45 ಹಳೆಯ ಪ್ಲಗಿನ್ ವ್ಯವಸ್ಥೆಯನ್ನೇ ಕಿತ್ತುಹಾಕಿದಾಗ ಜಾವಾ ಪ್ಲಗಿನ್ ಜೊತೆಗೇ ಸಿಲ್ವರ್‌ಲೈಟ್ ಕೂಡ ಅಲ್ಲಿಂದ ಹೋಯಿತು. 2021ರ ಅಕ್ಟೋಬರ್ 12ಕ್ಕೆ ಅದರ ಬೆಂಬಲವೇ ಮುಗಿಯಿತು. ಒಬ್ಬರ ಪ್ಲಗಿನ್ ಬಿಟ್ಟು ಇನ್ನೊಬ್ಬರ ಪ್ಲಗಿನ್ ಹಿಡಿದವರು ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಸುರಿದರು.

ಈಗ ಕೋಡಿಗೆ ಬನ್ನಿ. "20240715103000" ಎಂಬ ದಿನಾಂಕ-ಸಮಯದ ಸ್ಟ್ರಿಂಗ್ (ಅಕ್ಷರಗಳ ಸಾಲು) ಇದೆ ಎನ್ನಿ. ಅದರ ತುಂಡು ಕತ್ತರಿಸಿಕೊಡುವ ಜಾವಾದ ಸಬ್‌ಸ್ಟ್ರಿಂಗ್‌ಗೆ 0, 4 ಕೊಟ್ಟರೆ 2024 ಬರುತ್ತದೆ, ಸಿ ಶಾರ್ಪ್‌ನಲ್ಲೂ 2024. ಇಷ್ಟು ನೋಡಿ ಸರಿಯಿದೆ ಎಂದುಕೊಳ್ಳುತ್ತೀರಿ. ತಿಂಗಳಿಗಾಗಿ 4, 6 ಕೊಟ್ಟರೆ ಜಾವಾದಲ್ಲಿ 07 ಬರುತ್ತದೆ, ಸಿ ಶಾರ್ಪ್‌ನಲ್ಲಿ 071510. ಏಕೆಂದರೆ ಜಾವಾದಲ್ಲಿ ಎರಡನೆಯ ಅಂಕೆ ಎಲ್ಲಿ ನಿಲ್ಲಬೇಕು ಎಂಬುದು, ಸಿ ಶಾರ್ಪ್‌ನಲ್ಲಿ ಎಷ್ಟು ಅಕ್ಷರ ಬೇಕು ಎಂಬುದು. ಸೊನ್ನೆಯಿಂದ ಶುರುವಾಗುವ ಪರೀಕ್ಷೆಗಳು ಈ ತಪ್ಪನ್ನು ಎಂದೂ ಹಿಡಿಯುವುದಿಲ್ಲ. ಜಾವಾದ ಕ್ಯಾಲೆಂಡರ್‌ನಲ್ಲಿ ಜನವರಿ ಅಂದರೆ 0, ಡಾಟ್‌ನೆಟ್‌ನಲ್ಲಿ 1. ಹಳೆಯ ಕೋಡಿನ "+1" ಹಾಗೇ ಉಳಿದರೆ ಹನ್ನೊಂದು ತಿಂಗಳು ಸದ್ದಿಲ್ಲದೆ ಒಂದೊಂದು ತಿಂಗಳು ಮುಂದೆ ಓಡಿ, ಡಿಸೆಂಬರ್‌ನಲ್ಲಿ 13 ಬಂದು ಬೀಳುತ್ತದೆ.

ಹಣದ ಲೆಕ್ಕದಲ್ಲಿ ರೌಂಡಿಂಗ್ ನೋಡಿ. ಜಾವಾದಲ್ಲಿ 2.5 ಅನ್ನು ಮ್ಯಾಥ್ ರೌಂಡ್‌ಗೆ ಕೊಟ್ಟರೆ 3, ಸಿ ಶಾರ್ಪ್‌ನಲ್ಲಿ 2, ಅಲ್ಲಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಸೊನ್ನೆಯಿಂದ ದೂರಕ್ಕೆ ರೌಂಡ್ ಮಾಡುವ ಆಯ್ಕೆ ಕೊಟ್ಟು ಕೈತೊಳೆದುಕೊಳ್ಳುವವರು ಬಹಳ. ಅದೂ ಪೂರ್ತಿ ಸರಿಯಲ್ಲ: -2.5ಕ್ಕೆ ಜಾವಾ -2 ಕೊಡುತ್ತದೆ, ಆ ಆಯ್ಕೆ -3 ಕೊಡುತ್ತದೆ. ಹಳೆಯ ಉತ್ತರವೇ ಬೇಕಿದ್ದರೆ 0.5 ಕೂಡಿಸಿ ಫ್ಲೋರ್ ತೆಗೆದುಕೊಳ್ಳಿ.

ಬೈಟ್ ಇನ್ನೂ ಕೆಟ್ಟದ್ದು. ಜಾವಾದ ಬೈಟ್ -128ರಿಂದ 127, ಸಿ ಶಾರ್ಪ್‌ನ ಬೈಟ್ 0ಯಿಂದ 255. ಒಂದೇ ಬೈಟಿನಲ್ಲಿ ಬರುವ -5 ಡಿಗ್ರಿ ಅಲ್ಲಿ 251 ಡಿಗ್ರಿ ಆಗುತ್ತದೆ, ಅಂಥ ಕಡೆ ಋಣಸಂಖ್ಯೆಯನ್ನೂ ಹಿಡಿಯುವ ಎಸ್‌ಬೈಟ್ ಬಳಸಬೇಕು. ಬೈಟ್‌ಗಳನ್ನು ಓದುವ ಜಾವಾದ ಡೇಟಾ ಇನ್‌ಪುಟ್ ಸ್ಟ್ರೀಮ್ ಬದಲಿಗೆ ಡಾಟ್‌ನೆಟ್‌ನ ಬೈನರಿ ರೀಡರ್ ಹಾಕಿದರೆ ಬೈಟ್‌ಗಳ ಕ್ರಮವೇ ತಿರುಗುತ್ತದೆ: ಸರ್ವರ್ ಕಳಿಸಿದ 1 ಎಂಬ ಪೂರ್ಣಾಂಕ ಇಲ್ಲಿ 16777216 ಎಂದು ಓದಿಕೊಳ್ಳುತ್ತದೆ. ಸ್ಟ್ರಿಂಗ್‌ನ ಉದ್ದವನ್ನು ಜಾವಾ ಎರಡು ಬೈಟಿನಲ್ಲಿ ಬರೆಯುತ್ತದೆ, ಡಾಟ್‌ನೆಟ್ ಏಳೇಳು ಬಿಟ್‌ಗಳ ತುಂಡುಗಳಲ್ಲಿ ಹುಡುಕುತ್ತದೆ. ಇವನ್ನು ಓದುವ ಕೋಡನ್ನು ನೀವೇ ಬರೆಯಿರಿ, ಪರಿವರ್ತಕಕ್ಕೆ ಬಿಡಬೇಡಿ.

ಕೈಯಾರೆ ಬದಲಿಸುವವರಿಗೆ ಇನ್ನೊಂದು ಗುಂಡಿ ಕಾದಿದೆ. ಜಾವಾದ ಮೆಥಡ್ ತಾನಾಗಿಯೇ ವರ್ಚುವಲ್ (ಅಂದರೆ ಮಗಳ ಕ್ಲಾಸು ಅದನ್ನು ಬದಲಿಸಬಹುದು), ಸಿ ಶಾರ್ಪ್‌ನದು ಅಲ್ಲ. ಮಗಳ ಕ್ಲಾಸಿನ ಮೆಥಡ್ ಬದಲು ತಾಯಿ ಕ್ಲಾಸಿನದೇ ಓಡುತ್ತದೆ, ಕಂಪೈಲರ್ ಒಂದು ವಾರ್ನಿಂಗ್ ಕೊಟ್ಟು ಸುಮ್ಮನಾಗುತ್ತದೆ. ಮೊದಲ ದಿನವೇ ವಾರ್ನಿಂಗ್‌ಗಳನ್ನೆಲ್ಲ ಎರರ್ ಮಾಡಿಕೊಳ್ಳಿ.

ಆ್ಯಪ್ಲೆಟ್ ನೇರವಾಗಿ ಡೇಟಾಬೇಸಿಗೋ ಸಾಕೆಟ್‌ಗೋ (ಎರಡು ಪ್ರೋಗ್ರಾಂಗಳ ನಡುವಿನ ನೇರ ನೆಟ್‌ವರ್ಕ್ ಸಂಪರ್ಕ) ಮಾತಾಡುತ್ತಿದ್ದರೆ ಆ ಭಾಗ ಪರಿವರ್ತನೆಯಲ್ಲಿ ಬದುಕುವುದಿಲ್ಲ. ಸಿಲ್ವರ್‌ಲೈಟ್‌ನಲ್ಲಿ ಬ್ರೌಸರ್ ಒಳಗಿನ ಸಾಕೆಟ್‌ಗೆ 4502ರಿಂದ 4534ರವರೆಗಿನ ಪೋರ್ಟ್‌ಗಳಷ್ಟೇ ಇದ್ದವು, ಅನುಮತಿ ಕಡತ ಸರ್ವರ್‌ನ 943ನೇ ಪೋರ್ಟ್‌ನಲ್ಲಿ ಸಿಗುವಂತಿರಬೇಕಿತ್ತು. ಇಂದಿನ ಬ್ರೌಸರ್‌ನಲ್ಲಿ ಸಾಮಾನ್ಯ ಪುಟದ ಜಾವಾಸ್ಕ್ರಿಪ್ಟ್‌ಗೆ ಕಚ್ಚಾ ಸಾಕೆಟ್ಟೇ ಇಲ್ಲ, ವೆಬ್‌ಸಾಕೆಟ್‌ನಂಥವು ಮಾತ್ರ. ಸರ್ವರ್ ಕಡೆಯೂ ಕೆಲಸವಿದೆ ಎಂದು ಅಂದಾಜು ಪಟ್ಟಿಯಲ್ಲೇ ಬರೆಯಿರಿ.

ಹಾಗಾದರೆ ಕೆಲಸ ಹೇಗೆ ಶುರುಮಾಡಬೇಕು? ಒಂದು ಸಾಲೂ ಮುಟ್ಟುವ ಮೊದಲು, ಹೊರಗಿನ ನೆಟ್‌ವರ್ಕ್ ಇಲ್ಲದ ಬೇರೆ ಯಂತ್ರದಲ್ಲಿ ಜೆಡಿಕೆ 8 ಹಾಕಿ, ಅದರಲ್ಲಿರುವ ಆ್ಯಪ್ಲೆಟ್‌ವ್ಯೂವರ್‌ನಿಂದ ಹಳೆಯದನ್ನು ಓಡಿಸಿ. ಜೆಡಿಕೆ 11ರಲ್ಲಿ ಆ ಉಪಕರಣ ಇಲ್ಲ. ಋಣಸಂಖ್ಯೆ, ಅರ್ಧಗಳು, ಡಿಸೆಂಬರ್ 31, ಫೆಬ್ರುವರಿ 29, ಖಾಲಿ ಸ್ಟ್ರಿಂಗ್, ಕನ್ನಡ ಅಕ್ಷರ, ಎಲ್ಲ ಕೊಟ್ಟು ಉತ್ತರಗಳನ್ನು ಕಡತಕ್ಕೆ ಇಳಿಸಿಕೊಳ್ಳಿ. ನೆಟ್‌ವರ್ಕ್ ಸಂಚಾರ ದಾಖಲಿಸುವ ವೈರ್‌ಶಾರ್ಕ್‌ನಲ್ಲಿ ಸರ್ವರ್ ಜೊತೆಗಿನ ಬೈಟ್‌ಗಳನ್ನೂ ಹಿಡಿದಿಡಿ. ಹೊಸ ಕೋಡು ಆ ಕಡತದೊಂದಿಗೆ ತಾಳೆಯಾಗುವ ತನಕ ಪರದೆಯ ಕೆಲಸಕ್ಕೆ ಕೈಹಾಕಬೇಡಿ. ಮೂಲ ಕೋಡು ಕಳೆದುಹೋಗಿದ್ದರೆ ಜೆಡಿಕೆಯಲ್ಲೇ ಬರುವ ಜಾವಾಪಿಯಲ್ಲಿ (javap) ಕ್ಲಾಸ್ ಕಡತದ, ಅಂದರೆ ಕಂಪೈಲ್ ಆದ ಕೋಡಿನ, ಮೇಜರ್ ಸಂಖ್ಯೆ ನೋಡಿ (45 ಅಂದರೆ 1.1ರ ಕಾಲದ್ದು, 48 ಅಂದರೆ 1.4, 52 ಅಂದರೆ 8), ಆಮೇಲೆ ಅದರಿಂದ ಮೂಲ ಕೋಡನ್ನು ಮರಳಿ ತೆಗೆಯಿರಿ (ಡಿಕಂಪೈಲ್ ಮಾಡಿ).

ಲೆಕ್ಕದ ಭಾಗವನ್ನು ಭಾಷೆ ಬದಲಿಸದೆ ಜಾವಾದಲ್ಲೇ ಸರ್ವರ್‌ಗೆ ಒಯ್ದರೆ ಮೇಲಿನ ಅರ್ಧ ಸಂಕಟ ಹುಟ್ಟುವುದೇ ಇಲ್ಲ. ನಮ್ಮ ಮತ ಅದಕ್ಕೇ. ಪರದೆಗೆ ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್ ಸಾಕು. ಸಹಿಯ ಕೀಲಿ ಇರುವ ಯುಎಸ್‌ಬಿ ಟೋಕನ್‌ನಿಂದ ಡಿಜಿಟಲ್ ಸಹಿ ಹಾಕುವ ಆ್ಯಪ್ಲೆಟ್‌ಗಳಿಗೆ ಮಾತ್ರ ಬೇರೆ ದಾರಿ ಬೇಕು. ಜಿಎಸ್‌ಟಿ ಪೋರ್ಟಲ್‌ಗೆ ಎಂಸೈನರ್ ಇರುವಂತೆ, ಬಳಕೆದಾರರ ಕಂಪ್ಯೂಟರ್‌ನಲ್ಲೇ ಓಡುವ ಸಣ್ಣ ಸೇವೆ ಬೇಕಾಗುತ್ತದೆ. ಅದನ್ನು 127.0.0.1ಕ್ಕೆ (ಅದೇ ಕಂಪ್ಯೂಟರ್‌ನ ಒಳವಿಳಾಸ) ಮಾತ್ರ ಕಟ್ಟಿಹಾಕಿ, ಕೋರಿಕೆ ಯಾವ ತಾಣದಿಂದ ಬಂತೆಂದು ಹೇಳುವ ಆರಿಜಿನ್ ಹೆಡರ್ ಪ್ರತಿ ಸಲವೂ ನಿಮ್ಮ ಪೋರ್ಟಲ್‌ನದೇ ಎಂದು ತಪಾಸಣೆ ಮಾಡಿ. ಇದನ್ನು ಬಿಟ್ಟರೆ, ಪಕ್ಕದ ಟ್ಯಾಬ್‌ನಲ್ಲಿ ತೆರೆದ ಯಾವ ಪುಟ ಬೇಕಾದರೂ ನಿಮ್ಮ ಬಳಕೆದಾರರ ಟೋಕನ್‌ನಿಂದ ಸಹಿ ಕೇಳಬಹುದು.