ರಾಗಿಗೆ ಅರ್ಧ ಅಡಿ, ತೇಗಕ್ಕೆ ನಾಲ್ಕಡಿ: ನಾನು ಮಾಡಿಸಿದ ಮಣ್ಣು ಪರೀಕ್ಷೆ

ಅರಸೀಕೆರೆ ಕಡೆ ನಮ್ಮದು ಎರಡೂವರೆ ಎಕರೆ. ನಿವೃತ್ತಿಯ ದುಡ್ಡು ಬಂದಾಗ ನಮ್ಮೆಜಮಾನರು "ಎಫ್‌ಡಿ ಬದಲು ತೇಗ ಹಾಕೋಣ" ಅಂದರು. ನರ್ಸರಿಯವನೊಬ್ಬ ಮನೆಗೇ ಬಂದು, ಹನ್ನೆರಡು ವರ್ಷಕ್ಕೆ ಎಕರೆಗೆ ಕೋಟಿ ಅನ್ನೋ ಬಣ್ಣದ ಕಾಗದ ಕೊಟ್ಟು, ಕಾಫಿ ಕುಡಿದು ಹೋಗಿದ್ದ. ಹೊಲದ ಕಡೆ ತಿರುಗಿಯೂ ನೋಡಲಿಲ್ಲ. "ನಮ್ಮ ಮಣ್ಣಿಗೆ ಆಗುತ್ತಾ?" ಅಂದರೆ "ತೇಗ ಎಲ್ಲಾ ಕಡೆ ಬರುತ್ತೆ ಬಿಡಿ ಅಮ್ಮಾ" ಅಂದ. ಆ 'ಬಿಡಿ' ಕೇಳಿಯೇ ನಾನು ಪೇಟೆಯ ಮಣ್ಣು ಪರೀಕ್ಷೆ ಲ್ಯಾಬಿಗೆ ಹೋಗಿದ್ದು.

ಮೊದಲು ಬೈಯೋದು ಮುಗಿಸುತ್ತೇನೆ. ಒಂದು ವಾರ ಅಂದವರು 24 ದಿನ ಮಾಡಿದರು. ಅರ್ಜಿಯಲ್ಲಿ ದಪ್ಪಕ್ಷರದಲ್ಲಿ ತೇಗ ಅಂತ ಬರೆದಿದ್ದರೂ ವರದಿಯ ಕೊನೆಗೆ ರಾಗಿಯ ಗೊಬ್ಬರದ ಲೆಕ್ಕ ಅಚ್ಚಾಗಿ ಬಂತು.

ಆದರೆ ಕೌಂಟರಿನ ಹುಡುಗ ನನ್ನ ಮೊದಲ ಚೀಲವನ್ನು ಬಿಚ್ಚಿ ನೋಡಿ ವಾಪಸ್ ಕೊಟ್ಟ. "ಮೇಲಿನ ಅರ್ಧ ಅಡಿ ಮಣ್ಣು ತಂದಿದ್ದೀರಿ ಅಮ್ಮಾ. ರಾಗಿಗೆ ಇದು ಸಾಕು, ಮರಕ್ಕೆ ಸಾಲದು. ನಾಲ್ಕಡಿ ಗುಂಡಿ ತೆಗೆಸಿ, ಅಡಿಗೊಂದರಂತೆ ಬೇರೆ ಬೇರೆ ಚೀಲ ತನ್ನಿ. ಬದು, ತಿಪ್ಪೆ, ಮರದ ಬುಡ ಬಿಟ್ಟು ತೆಗೆಸಿ. ನೆರಳಲ್ಲಿ ಒಣಗಿಸಿ." ಗುಂಡಿಗೆ ನೀರು ಸುರಿದು ನೋಡಿ ಅಂತಲೂ ಅವನೇ ಹೇಳಿದ್ದು. ಅದಕ್ಕೆ ಲ್ಯಾಬಿನವರು ಕಾಸು ತಗೊಳ್ಳೋದಿಲ್ಲ.

ಮೇಲಿನ ಹೊಲದಲ್ಲಿ ಒಂದಡಿ ಕೆಂಪು ಮಣ್ಣು, ಅದರಡಿ ಸಡಿಲ ಗೊರಚು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು. ಬದುವಿನ ಹೊಂಗೆಯ ಬೇರು ಅಲ್ಲಿಯವರೆಗೂ ನುಗ್ಗಿ ಬಂದಿತ್ತು. ಕೆರೆ ಕಡೆಯ ಕೆಳಗಿನ ಹೊಲ ಎರೆಮಣ್ಣು. ಎರಡೂವರೆ ಅಡಿಗೆ ಬೂದುಬಣ್ಣದ ಜೇಡಿ ಸಿಕ್ಕಿತು, ಹಾರೆಗೆ ಮೆತ್ತಿಕೊಂಡರೆ ಕೈಯಲ್ಲೇ ಬಿಡಿಸಬೇಕು. ಸಂಜೆ ಎರಡಕ್ಕೂ ನಾಲ್ಕು ನಾಲ್ಕು ಬಿಂದಿಗೆ ನೀರು ಹೊಯ್ದೆವು. ಮೇಲಿನ ಗುಂಡಿ ರಾತ್ರಿ ಊಟದ ಹೊತ್ತಿಗೆ ಬರಿದು. ಕೆಳಗಿನದರಲ್ಲಿ ಬೆಳಗ್ಗೆಯೂ ನೀರು ನಿಂತಿತ್ತು, ಅದರಲ್ಲೊಂದು ಕಪ್ಪೆ ಬೇರೆ!

ವರದಿಯೂ ಅದನ್ನೇ ಹೇಳಿತು: ರಸಸಾರ (ಪಿಎಚ್) ಮೇಲಿನ ಹೊಲದಲ್ಲಿ 6.7, ಕೆಳಗಿನದರಲ್ಲಿ 8.6. ತೇಗಕ್ಕೆ 6.5ರಿಂದ 7.5 ಒಗ್ಗುತ್ತದೆ, ಮಣ್ಣಲ್ಲಿ ಸುಣ್ಣದ ಅಂಶವೂ ಬೇಕು, ಆಳವೂ ಬೇಕು. ಆದರೆ ಬೇರಿನಲ್ಲಿ ನೀರು ನಿಂತರೆ ಅದು ಏಳೋದಿಲ್ಲ. ಕೆಳಗಿನ ಹೊಲಕ್ಕೂ ತೇಗ ಇಟ್ಟಿದ್ದರೆ ಸಸಿಯ ದುಡ್ಡು, ಗುಂಡಿಯ ಕೂಲಿ ಎಲ್ಲಾ ಅದೇ ಜೇಡಿಯಲ್ಲಿ ಹೂತಂತೆ.

ಈಗ ಮೇಲಿನ ಹೊಲದಲ್ಲಿ ಸ್ವಲ್ಪ ತೇಗ, ಅಲ್ಲೇ ಉಳಿದ ಜಾಗಕ್ಕೆಲ್ಲ ಶ್ರೀಗಂಧ. ಕರ್ನಾಟಕ ಅರಣ್ಯ ಕಾಯ್ದೆಗೆ 2001ರಲ್ಲಿ ತಿದ್ದುಪಡಿಯಾದ ಮೇಲೆ ಗಂಧ ಬೆಳೆದವರದೇ ಸ್ವತ್ತು. ಗೊರಚು ಅದಕ್ಕೆ ಒಪ್ಪುತ್ತೆ. ಗಂಧದ ಬೇರು ಪಕ್ಕದ ಗಿಡದ ಬೇರಿನಿಂದ ಸಾರ ಹೀರುತ್ತೆ, ಅದಕ್ಕೆ ಆಸರೆಯಾಗಲಿ ಅಂತ ಪಕ್ಕದಲ್ಲೇ ತೊಗರಿ ಹಾಕಿದ್ದೇವೆ. ಚೇಗು, ಅಂದರೆ ಒಳಗಿನ ಪರಿಮಳದ ತಿರುಳು, ಕಟ್ಟೋ ಹೊತ್ತಿಗೆ ಕಳ್ಳರಿಂದ ಕಾಯೋದು ಮಗನ ಪಾಡು. ಕೆಳಗಿನ ಬದುವಿನಲ್ಲಿ ಕರಿಜಾಲಿ ತಾನೇ ಹುಟ್ಟಿ ಬೆಳೆದಿದೆ. ನಮ್ಮ ಮಾವನ ಕಾಲದಲ್ಲಿ ನೇಗಿಲು, ಗಾಡಿ ಚಕ್ರ ಎಲ್ಲಾ ಅದರದ್ದೇ. ಅದಕ್ಕೆ ಯಾರೂ ಬಣ್ಣದ ಕಾಗದ ಹಂಚೋದಿಲ್ಲ, ನೋಡಿ.

ಲ್ಯಾಬಿಗೆ ಐದಕ್ಕೆ ಮೂರು ಕೊಡುತ್ತೇನೆ, ಕೌಂಟರಿನ ಹುಡುಗನಿಗೆ ಐದಕ್ಕೆ ಐದು. ಕೆಳಗಿನ ಗುಂಡಿ ಇನ್ನೂ ಮುಚ್ಚಿಸಿಲ್ಲ, ಸುತ್ತ ಮುಳ್ಳು ಹಾಕಿಸಿದ್ದೇನೆ. ನರ್ಸರಿಯವನು ಮತ್ತೆ ಬಂದರೆ ಕಾಫಿಗೆ ಮುಂಚೆ ತೋರಿಸೋಣ ಅಂತ.